ಶಿವಬಸವ್ವ ನರ್ಸ್ ಅಲ್ಲ

ನಮ್ಮ ಖಾನಾಪುರದಲ್ಲಿ ಬಿಳಿ ಕೋಟು ಹಾಕಿಕೊಂಡವರೆಲ್ಲ ಡಾಕ್ಟರು. ರಕ್ತ ತೆಗೆಯುವ ಹುಡುಗ ಡಾಕ್ಟರು, ಗುಳಿಗೆ ಕೊಡುವ ಅಂಗಡಿಯವನು ಡಾಕ್ಟರು, ಎಮ್ಮೆಗೆ ಸೂಜಿ ಚುಚ್ಚಲು ಬರುವವನಂತೂ ದೊಡ್ಡ ಡಾಕ್ಟರು. ಆಸ್ಪತ್ರೆಯಲ್ಲಿ ಕಂಡ ಹೆಂಗಸರೆಲ್ಲ ಸಿಸ್ಟರು, ಕೈಯಲ್ಲಿ ಪೊರಕೆ ಇದ್ದರೂ ಸರಿ. ಇದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಗೆ ನೋಡಿದರೆ ನನ್ನನ್ನೂ ಜನ ‘ನೇಮಣ್ಣ ಸಾವಕಾರ್ರ’ ಅನ್ನುತ್ತಾರೆ. ನನ್ನದು ಇಬ್ಬರು ಗಿರಾಕಿ ಒಟ್ಟಿಗೆ ಬಂದರೆ ಒಬ್ಬ ಹೊರಗೆ ನಿಲ್ಲಬೇಕಾದಂಥ ಭಾಂಡೆ-ಪಾತ್ರೆಗಳ ಅಂಗಡಿ. ಆದರೆ ನನ್ನನ್ನು ಸಾವಕಾರ ಅಂದರೆ ಯಾರ ಜೀವಕ್ಕೂ ಧಕ್ಕೆಯಿಲ್ಲ.

ಕೊರೊನಾ ಮುಗಿದ ಮೇಲೆ ನನ್ನ ಬಾಜೂ ಮಳಿಗೆಯಲ್ಲಿ ಗೌರೀಶ ಎಂಬ ಹುಡುಗ ಫಿಜಿಯೋಥೆರಪಿ ಕ್ಲಿನಿಕ್ ತೆರೆದ. ಬೆಳಗಾವಿಯಲ್ಲಿ ಕಲಿತವ, ಕೆಲಸದಲ್ಲಿ ಚೊಕ್ಕ. ಹಿಡಿದ ಸೊಂಟ, ಬಿಗಿದ ಕುತ್ತಿಗೆ, ಲಕ್ವ ಹೊಡೆದ ಕೈ, ಎಲ್ಲಕ್ಕೂ ತಾಳ್ಮೆಯಿಂದ ವ್ಯಾಯಾಮ ಮಾಡಿಸುತ್ತಿದ್ದ. ದಿನಾ ದೇಸೂರಿನಿಂದ ಸ್ಕೂಟರಿನ ಹಿಂದೆ ತಾಯಿಯನ್ನು ಕೂರಿಸಿಕೊಂಡು ಬರುತ್ತಿದ್ದ. ಆಕೆ ಶಿವಬಸವ್ವ. ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತು, ಬಂದವರನ್ನು ಸರದಿಯಂತೆ ಒಳಗೆ ಕಳಿಸುವುದು ಅವಳ ಕೆಲಸ. ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು ಎಂದು ಊರೆಲ್ಲ ತಿಳಿದಿತ್ತು. ಎಲ್ಲರಿಗೂ ಆಕೆ ಸಿಸ್ಟರ್.

ನಮಗೆ ಆಗ ಗೊತ್ತಿಲ್ಲದ ಸಂಗತಿಯನ್ನು ಈಗಲೇ ಹೇಳಿಬಿಡುತ್ತೇನೆ. ಶಿವಬಸವ್ವ ನರ್ಸ್ ಅಲ್ಲ, ಆಯಾ. ಫೌಂಡ್ರಿಯಲ್ಲಿ ದುಡಿಯುತ್ತಿದ್ದ ಗಂಡ ಕಾಯಿಲೆ ಬಿದ್ದು ತೀರಿಕೊಂಡಾಗ ಮಗ ಇನ್ನೂ ತೊಟ್ಟಿಲಲ್ಲಿದ್ದ. ಅವಳು ದವಾಖಾನೆ ಸೇರಿದಳು. ಬೆಡ್‌ಪ್ಯಾನ್ ತೊಳೆದಳು, ಸ್ಟ್ರೆಚರ್ ತಳ್ಳಿದಳು, ನೆಲ ಒರೆಸಿದಳು. ದವಾಖಾನೆಯೊಳಗೆ ‘ಏ ಆಯಾ’ ಎಂಬ ಕೂಗು. ಸಂಜೆ ಕೆಲಸದ ನೀಲಿ ಸೀರೆಯಲ್ಲೇ ದೇಸೂರಿನಲ್ಲಿ ಬಸ್ಸಿಳಿದರೆ ‘ಬಂದ್ರೇನ್ರಿ ಸಿಸ್ಟರ್’ ಎಂಬ ಮಾತು. ಯಾರೋ ತಪ್ಪು ತಿಳಿದು ಹಾಗೆಂದರು, ಇವಳು ತಿದ್ದಲಿಲ್ಲ. ದಿನವಿಡೀ ಬೈಸಿಕೊಂಡು ಬಂದವಳಿಗೆ ಅಷ್ಟು ಮರ್ಯಾದೆ ಸಿಕ್ಕರೆ ಯಾಕೆ ಬೇಡ ಅಂದಾಳು?

ಮಗನನ್ನು ಡಾಕ್ಟರ್ ಮಾಡಬೇಕೆಂದು ಹಟ ತೊಟ್ಟಿದ್ದಳು. ಮೆಡಿಕಲ್ ಸೀಟು ಸಿಗಲಿಲ್ಲ, ಫಿಜಿಯೋಥೆರಪಿ ಸಿಕ್ಕಿತು. ಕ್ಲಿನಿಕ್ಕಿನ ಬೋರ್ಡು ಬರೆಸುವ ದಿನ ತಾಯಿಗೂ ಮಗನಿಗೂ ನನ್ನ ಅಂಗಡಿಯ ಮುಂದೆಯೇ ಜಟಾಪಟಿ ನಡೆಯಿತು.

“ಅವ್ವಾ, ಡಾಕ್ಟರ್ ಅಂತ ಬ್ಯಾಡ. ಫಿಜಿಯೋಥೆರಪಿಸ್ಟ್ ಅಂತ ಬರಸೂಣು,” ಅಂದ ಗೌರೀಶ.

“ಅಷ್ಟುದ್ದ ಯಾರ ಓದತಾರೋ? ಡಾಕ್ಟರ್ ಅಂದ್ರ ಮಂದಿ ಎದ್ದ ನಿಂದರತಾರ.”

“ಶಾಣ್ಯಾ ಹುಡುಗ ಹೇಳಾಕತ್ತಾನ, ಕೇಳ್ರಿ,” ಅಂತ ನಾನೂ ಬಾಯಿ ಹಾಕಿದೆ. ಇಂಥವರು ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಬಹುದೆಂದು ಪೇಪರಿನಲ್ಲಿ ಬಂದಿದೆ ಎಂದು ಆಕೆ ನನ್ನ ಬಾಯಿ ಮುಚ್ಚಿಸಿದಳು. ಹಾಕಬಾರದೆಂದೂ ಬಂದಿತ್ತು, ಅದನ್ನು ಆಕೆ ಓದಿರಲಿಲ್ಲ. ಬೋರ್ಡಿನ ಮೇಲೆ ‘ಡಾ. ಗೌರೀಶ’ ಎಂದು ಕೆಂಪು ಅಕ್ಷರ ಬಿತ್ತು. ಸಂಜೆ ಆಕೆ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಅದನ್ನೇ ನೋಡುತ್ತಿದ್ದಳು. ಆ ಮುಖ ನೋಡಿ ನಾನು ಬೋರ್ಡಿನ ತಕರಾರು ಬಿಟ್ಟೆ.

ಜನ ಜ್ವರಕ್ಕೂ ಬರತೊಡಗಿದರು. ಗೌರೀಶ ಪ್ರತಿಯೊಬ್ಬರಿಗೂ ‘ನಾ ಅದಕ್ಕ ಔಷಧ ಕೊಡಾಂಗಿಲ್ರಿ’ ಎಂದು ಹೇಳಿ ಹೇಳಿ ಕಳಿಸುತ್ತಿದ್ದ. ಅವರೋ ‘ಭಾಳ ಸಂಭಾವಿತ ಡಾಕ್ಟರ್’ ಎಂದು ಹೊಗಳುತ್ತಾ ಹೋಗುತ್ತಿದ್ದರು. ಏನು ಮಾಡುತ್ತೀರಿ ಇಂಥ ಜನರಿಗೆ?

ಭತ್ತದ ಕೊಯ್ಲಿನ ಕಾಲ. ಬೀಡಿ ಊರಿನ ಸಾತಪ್ಪ ಹೆಂಡತಿ ಗೌರವ್ವನೊಂದಿಗೆ ಬಂದ. ಹಿಂದಿನ ವರ್ಷ ಅವನ ಸೊಂಟವನ್ನು ಗೌರೀಶನೇ ಸರಿ ಮಾಡಿದ್ದ. ಅಂದಿನಿಂದ ಸಾತಪ್ಪನಿಗೆ ಈ ಭೂಮಿಯ ಮೇಲೆ ಬೇರೆ ಡಾಕ್ಟರ್ ಇರಲಿಲ್ಲ.

“ಡಾಕ್ಟರ್ರ, ಎಡಗಡೆ ಭುಜ ಹಿಡದೈತಿ. ನಿನ್ನಿ ಭತ್ತದ ಹೊರಿ ಹೊತ್ತಿದ್ದೆ. ಆ ಕರೆಂಟಿನ ಮಷಿನ್ ಹಚ್ಚಿ ಬಿಡ್ರಿ,” ಎನ್ನುತ್ತಾ ಅಂಗಿ ಬಿಚ್ಚಿ ಮಂಚದ ಮೇಲೆ ಮಲಗಿಯೇಬಿಟ್ಟ.

ಗೌರೀಶ ಭುಜ ಮುಟ್ಟಿ ನೋಡಿದ. ಮೈಯೆಲ್ಲ ತಣ್ಣನೆಯ ಬೆವರು. ನೋವು ದವಡೆಗೂ ಏರಿದೆಯೆಂದು ಸಾತಪ್ಪ ಹೇಳಿದಾಗ ಹುಡುಗನ ಮುಖ ಬಿಳುಪೇರಿತು.

“ಕಾಕಾ, ಇದು ಭುಜದ್ದಲ್ಲ. ಹಾರ್ಟಿನ ತ್ರಾಸ ಇದ್ದಾಂಗ ಐತಿ. ಈಗಿಂದೀಗ ಸರಕಾರಿ ದವಾಖಾನಿಗೆ ಹೋಗೂಣು, ನಾನೂ ಬರ್ತೀನಿ.”

“ದವಾಖಾನಿಗೇ ಬಂದೀನಲ್ರೀ ಮಾರಾಯ್ರ! ನೀವ ನೋಡ್ರಿ.”

“ನಾ ಆ ನಮೂನಿ ಡಾಕ್ಟರ್ ಅಲ್ರಿ.”

“ಡಾಕ್ಟರ್ ಅಲ್ಲಂದ್ರ, ಹಾರ್ಟ್ ಅಂತ ನಿಮಗ ಹೆಂಗ ಗೊತ್ತಾತು?”

ಗದ್ದಲ ಕೇಳಿ ಅಂಗಡಿ ಬಿಟ್ಟು ಓಡಿದ ನಾನು ಬಾಗಿಲಲ್ಲೇ ಈ ಮಾತು ಕೇಳಿದೆ. ಸಾತಪ್ಪನ ವಾದ ಇಷ್ಟು: ಡಾಕ್ಟರ್ ಹೌದಾದರೆ ಇಲ್ಲೇ ವಾಸಿ ಮಾಡು. ಅಲ್ಲವಾದರೆ ನಿನ್ನ ಮಾತು ನಾನೇಕೆ ಕೇಳಲಿ? ಗೌರೀಶ ಆಟೋ ಕರೆಸಿದ, ಗೋಗರೆದ, ಕಡೆಗೆ ಸಿಟ್ಟಾದ. ನಾನೂ ಬೈದೆ. ಸಾತಪ್ಪ ಎದೆ ನೀವಿಕೊಳ್ಳುತ್ತಾ ಮಂಚವನ್ನು ಗಟ್ಟಿಯಾಗಿ ಹಿಡಿದುಕೊಂಡ. ದೊಡ್ಡ ದವಾಖಾನೆಗೆ ಹೋದ ಅವನ ಅಣ್ಣ ಮರಳಿ ಬಂದಿರಲಿಲ್ಲ, ಅವನಿಗೆ ಆ ಹೆದರಿಕೆ.

ಗೌರವ್ವ ಶಿವಬಸವ್ವನ ಕಡೆ ತಿರುಗಿದಳು. “ಸಿಸ್ಟರ್, ನೀವರ ಹೇಳ್ರಿ.”

“ನಾ ಹೇಳ್ತೀನಿ, ಹೋಗ್ರಿ. ತಡಾ ಮಾಡಬ್ಯಾಡ್ರಿ.”

“ಹಂಗಾರ ನೀವ ಒಂದು ಸೂಜಿ ಮಾಡಿ ಬಿಡ್ರಿ. ಇಷ್ಟು ವರ್ಷ ನರ್ಸ್ ಇದ್ದಾಕಿ, ನಿಮ್ಮ ಕೈಗುಣಾ ಸಾಕು. ನಿಮ್ಮ ಕಾಲ ಬೀಳ್ತೀನಿ!” ಎಂದವಳು ನಿಜಕ್ಕೂ ಕಾಲಿಗೇ ಬಿದ್ದಳು.

ಶಿವಬಸವ್ವ ಒಮ್ಮೆ ಮಗನನ್ನು ನೋಡಿದಳು. ಬೆಂಚಿನ ಮೇಲೆ ಕಾಯುತ್ತಿದ್ದ ಊರ ಜನರನ್ನೂ ನೋಡಿದಳು. ನಂತರ ಗೌರವ್ವನ ಭುಜ ಹಿಡಿದು ಎತ್ತಿದಳು.

“ನಾ ಸೂಜಿ ಮುಟ್ಟಿದಾಕಿ ಅಲ್ಲ ಯವ್ವಾ. ನಾ ನರ್ಸ್ ಅಲ್ಲ. ದವಾಖಾನ್ಯಾಗ ಮಂದಿ ಹೇಲು ಉಚ್ಚಿ ಬಳದ ಆಯಾ ನಾ. ಇಂವಾ ನನ್ನ ಮಗಾ, ಹಿಡದ ಕೈಕಾಲು ಬಿಡಸಾಂವ. ನಿನ್ನ ಗಂಡನ ಜೀವಾ ಉಳಸೂ ಡಾಕ್ಟರ್ ಅಲ್ಲ. ಆ ಬೋರ್ಡ್ ಬ್ಯಾಡ ಅಂದಿದ್ದಾ, ನಾನ ಹಟಾ ಮಾಡಿ ಬರಸೀನಿ. ನಿನಗ ಸುಳ್ಳ ಹೇಳಾಕ ನನ್ನ ಹಂತೇಲಿ ಇನ್ನ ಏನೂ ಉಳದಿಲ್ಲ. ಕರಕೊಂಡ ನಡಿ ತಂಗಿ.”

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಗೌರವ್ವ ಆಕೆಯ ಮುಖವನ್ನೇ ದಿಟ್ಟಿಸಿದವಳು ತಟ್ಟನೆ ತಿರುಗಿ ಗಂಡನ ತೋಳಿಗೆ ಕೈ ಹಾಕಿದಳು.

“ಏಳ್ರಿ! ಹೆತ್ತಾಕಿ ತನ್ನ ಮಗನ್ನ ಮಂದಿ ಮುಂದ ಡಾಕ್ಟರ್ ಅಲ್ಲ ಅಂತಾಳಂದ್ರ ಸುಮ್ಮ ಅನ್ನಂಗಿಲ್ಲ. ಏಳ್ರಿ ಅಂದೆ!”

ಸರಕಾರಿ ದವಾಖಾನೆಯಲ್ಲಿ ಇಸಿಜಿ ತೆಗೆದು, ಹೃದಯಾಘಾತವೆಂದು ಹೇಳಿ, ಔಷಧ ಕೊಟ್ಟು ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಕಳಿಸಿದರು. ಗೌರೀಶ ಜೊತೆಗೇ ಹೋದ. ಸಾತಪ್ಪ ಬದುಕಿದ.

ಊರು ಸುಮ್ಮನಿರುತ್ತದೆಯೇ? ‘ಆಯಾ ಅಂತ, ಆಯಾ!’ ಎಂದು ಮಾರ್ಕೆಟ್ಟಿನಲ್ಲಿ ಕಿಸಿಕಿಸಿ. ನನ್ನ ಹೆಂಡತಿ ಸುಂದರಾಬಾಯಿಯೂ “ಇಷ್ಟ ದಿನಾ ನಮಗ ಟೋಪಿ ಹಾಕಿದ್ಳು” ಅಂದಳು. “ನಿನಗೇನ ಹಾನಿ ಆತು ಹೇಳು!” ಎಂದು ನಾನು ಎಗರಿಬಿದ್ದೆ, ಆ ದಿನ ಮನೆಯಲ್ಲಿ ಊಟವೂ ಸಪ್ಪಗಾಯಿತು. ಗೌರೀಶ ಬೋರ್ಡು ಬದಲಿಸಿದ, ‘ಫಿಜಿಯೋಥೆರಪಿಸ್ಟ್’ ಎಂದು ಪೂರ್ತಿ ಉದ್ದಕ್ಕೇ ಬರೆಸಿದ. ಕೆಲವರು ಬರುವುದು ಬಿಟ್ಟರು, ಸೊಂಟ ನೋಯುವವರು ಬರುತ್ತಲೇ ಇದ್ದರು. ಶಿವಬಸವ್ವ ಮಾತ್ರ ದೇಸೂರು ಬಿಟ್ಟು ಹೊರಡಲಿಲ್ಲ. ಮಗ ದಿನವೂ ಸ್ಕೂಟರ್ ಚಾಲೂ ಮಾಡಿ ಕಾದು, ಒಬ್ಬನೇ ಬರುತ್ತಿದ್ದ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಏನೂ ಆಗದವಳಂತೆ ಬಂದು ತನ್ನ ಮೇಜಿನ ಮುಂದೆ ಕೂತಳು.

ಆ ವಾರವೇ ಸಾತಪ್ಪ, ಗೌರವ್ವ ಹೊಸ ಅಕ್ಕಿಯ ಚೀಲ ಹೊರಿಸಿಕೊಂಡು ಬಂದರು. ನಾನೂ ಅಲ್ಲೇ ಇದ್ದೆ. ಗೌರವ್ವ ಬಾಗಿಲಲ್ಲಿ “ಸಿಸ್...” ಎಂದವಳು ನಾಲಿಗೆ ಕಚ್ಚಿಕೊಂಡಳು. ಪಾಪ, ಮುಖ ಕೆಂಪಾಯಿತು.

“ನಿಮ್ಮನ್ನ ಏನಂತ ಕರೀಲಿರಿ ಯಕ್ಕಾ?”

“ಶಿವಬಸವ್ವ ಅನ್ನು,” ಅಂದಳು ಆಕೆ. “ಒಳಗಿನವರು ಆಯಾ ಅಂದ್ರು, ಹೊರಗಿನವರು ಸಿಸ್ಟರ್ ಅಂದ್ರು. ನನ್ನ ಗಂಡಾ ಹೋದ ಮ್ಯಾಲ ನನ್ನ ಹೆಸರ ಹಿಡದು ಯಾರೂ ಕರದಿಲ್ಲ ಯವ್ವಾ.”