ಕೊನೆಯ ಸಾಲಿನ ನಗು

ಹೊಸಪೇಟೆ ಸೀಮೆಯಲ್ಲಿ ಹಾಸ್ಯಸಂಜೆಯ ವೇದಿಕೆಗೂ ಸಿನಿಮಾದ ಪರದೆಗೂ ಸಮಾನವಾಗಿ ಸಲ್ಲುವ ಹೆಸರು ಹಂಪಯ್ಯನವರದು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಚೀಲ ತೂಗುತ್ತ, ಮಾಲೀಕರ ಕೆಮ್ಮನ್ನೂ ಗುಮಾಸ್ತರ ನಡಿಗೆಯನ್ನೂ ಅಣಕಿಸಿ ಹಮಾಲರನ್ನು ನಗಿಸುತ್ತಿದ್ದ ತರುಣ, ಗಣೇಶನ ಪೆಂಡಾಲುಗಳನ್ನು ದಾಟಿ, ಸಂಡೂರಿನ ಗಣಿ ಕಾರ್ಮಿಕರಿಂದ ಹಿಡಿದು ಹಂಪಿ ನೋಡಲು ಬಂದವರವರೆಗೆ ಎಲ್ಲರನ್ನೂ ಒಂದೇ ಮೈಕಿನ ಮುಂದೆ ನಿಂತು ನಗಿಸಿದರು. ಅವರಿಗೆ ಅರವತ್ತು ತುಂಬಿದ ಈ ಹೊತ್ತಿನಲ್ಲಿ ಅದನ್ನು ನೆನೆಯುವುದೇ ಒಂದು ಸಂಭ್ರಮ.

ಅವರದೊಂದು ಕಟ್ಟಳೆಯಿತ್ತು. ಮುಂದಿನ ಸಾಲಿನವರು ಬೇಗ ನಗುತ್ತಾರೆ, ಕೊನೆಯ ಸಾಲಿನವರು ತಡವಾಗಿ. ಆ ಕೊನೆಯ ನಗು ಮುಗಿಯುವವರೆಗೆ ಬಾಯಿ ತೆರೆಯಬಾರದು. ಹೀಗೆ ಕಾಯಬಲ್ಲವರಾದ್ದರಿಂದಲೇ ಅವರು ದೊಡ್ಡ ಹಾಸ್ಯಗಾರರಾದರು. ನಟನೆಯ ಮೊದಲ ದಿನ ಅವರನ್ನು ಕೆಡವಿದ್ದೂ ಅದೇ.

ಹೊಸಪೇಟೆಯ ಯುವ ನಿರ್ದೇಶಕ ಮನೋಹರ್ ತಮ್ಮ ಚಿತ್ರದಲ್ಲಿ ಅವರಿಗೆ ಬಾಯಿಬಡುಕ ಅದಿರು ಲಾರಿ ಚಾಲಕನ ಪಾತ್ರ ಕೊಟ್ಟಿದ್ದರು. ಸಂಡೂರಿನಲ್ಲಿ ಚಿತ್ರೀಕರಣ. ಹಂಪಯ್ಯನವರು ಒಂದು ಮಾತು ಹೇಳಿ ಸುಮ್ಮನೆ ನಿಂತರು.

“ಯಾಕ ನಿಂತ್ರಿ ಸರ್?”

“ನಗ್ಲಿ ಅಂತ ನಿಂತೀನ್ರಿ.”

“ಇಲ್ಲಿ ನಗೋರು ಯಾರೂ ಇಲ್ರಿ. ಮುಂದಿಂದು ಹೇಳ್ರಿ.”

ಹೇಳಿದರು, ಮತ್ತೆ ನಿಂತರು. ಸಂಜೆಯವರೆಗೂ ಅದೇ ಆಯಿತು. “ಸೋಮವಾರದ ಶೂಟಿಂಗಿನಾಗೂ ಹಿಂಗ ನಿಂತ್ರ ಪಾತ್ರ ಬ್ಯಾರೇದೋರಿಗೆ ಕೊಡಬೇಕಾಗ್ತೈತಿ, ತಪ್ಪು ತಿಳೀಬ್ಯಾಡ್ರಿ” ಎಂದು ಮನೋಹರ್ ಕೈಮುಗಿದರು.

ಮನೆಯಲ್ಲಿ ತಾಲೀಮಿಗೆ ನಿಂತರೆ ಪತ್ನಿ ರೇಣುಕಾದೇವಿ ಬಾಯಿಗೆ ಸೆರಗಿಟ್ಟು ನಕ್ಕರು. ಓಣಿಯವರು ಕಿಟಕಿಯಲ್ಲೇ ನಕ್ಕರು. ಹಂಪಯ್ಯನವರು ಕುಡಿಯಲು ನೀರು ಕೇಳಿದರೂ ನಗುವ ಜನ! ಆಗ ಅವರಿಗೆ ನೆನಪಾದದ್ದು ಮಲಪನಗುಡಿಯ ಸುಮಂಗಲಾ. ಅವರ ಕಾರ್ಯಕ್ರಮಗಳಿಗೆ ಮೈಕ್ ಹಾಕುತ್ತಿದ್ದ ಪಂಪೇಶನ ಹೆಂಡತಿ, ಎಂ.ಎ. ಓದಿದವಳು. ಹಿಂದಿನ ವರ್ಷ ಪಂಪೇಶ ತೀರಿಕೊಂಡ ಮೇಲೆ ಅವಳು ಅತ್ತದ್ದನ್ನಾಗಲಿ ನಕ್ಕದ್ದನ್ನಾಗಲಿ ಯಾರೂ ಕಂಡಿರಲಿಲ್ಲ.

ದಂಪತಿಗಳಿಬ್ಬರೂ ಹೋದಾಗ ಪಂಪೇಶನ ತಾಯಿ ಯಮನಮ್ಮ ಬಾಗಿಲಲ್ಲೇ ತಡೆದಳು. “ನಗಸಾಕ ಬಂದಿಯೇನು ಹಂಪಯ್ಯಣ್ಣ? ಬ್ಯಾಡಪ್ಪ. ಬಂದೋರೆಲ್ಲಾ ಸೋತು ಹೋಗ್ಯಾರ.”

“ಇಲ್ಲಬೇ ಯಮನಕ್ಕ. ನಗದೋರು ಒಬ್ರು ಬೇಕಾಗ್ಯಾರ ನನಗ.”

ಸುಮಂಗಲಾ ಸಂಭಾಷಣೆಯ ಹಾಳೆಗಳನ್ನು ಇಸಿದುಕೊಂಡು ಎದುರಿನ ಪಾತ್ರದ ಮಾತುಗಳನ್ನು ಏರಿಳಿತವಿಲ್ಲದೆ ಓದತೊಡಗಿದಳು. ಹಂಪಯ್ಯನವರು ಹೇಳಿದರು, ನಿಂತರು. ಅವಳ ಮುಖದ ಒಂದು ಗೆರೆಯೂ ಅಲುಗಲಿಲ್ಲ.

“ಯಾರಿಗೆ ಕಾಯಾಕತ್ತೀರಿ ಸರ್? ಇಲ್ಲಿ ಇರಾಕಿ ನಾನೊಬ್ಬಾಕಿ.”

ಅಲ್ಲಿಯವರೆಗೆ ಕತ್ತಲಲ್ಲಿ ಕೂತ ನೂರಾರು ಜನಕ್ಕೆ ಕಿವಿಗೊಟ್ಟು ಮಾತಾಡಿದ ಮನುಷ್ಯ ಅಂದು ಮೊದಲ ಬಾರಿಗೆ ಎದುರಿಗಿದ್ದ ಒಬ್ಬಳ ಕಣ್ಣು ನೋಡಿ ಮಾತಾಡಿದರು. ಮಾತು ಎಲ್ಲಿಯೂ ನಿಲ್ಲಲಿಲ್ಲ. ಸೋಮವಾರದ ಮುಂಜಾನೆಯವರೆಗೂ ಆ ಪಡಸಾಲೆಯಲ್ಲಿ ದಿನವೂ ತಾಲೀಮು ನಡೆಯಿತು.

ಸೋಮವಾರ ಸಂಜೆ ಯಮನಮ್ಮನ ಅಂಗಳಕ್ಕೆ ಖಾಕಿ ತೊಟ್ಟ, ಮುಖಕ್ಕೆ ಕೆಂಧೂಳು ಬಳಿದುಕೊಂಡ ಒಬ್ಬಾತ ಓಡೋಡಿ ಬಂದ. ಅಂಟಿಸಿದ್ದ ಮೀಸೆ ಒಂದು ಕಡೆ ಕಿತ್ತು ಗಲ್ಲದ ಮೇಲೆ ಜೋತಾಡುತ್ತಿತ್ತು.

“ಯಾವನಲೇ ನೀನು? ಮುಂದಿನ ಮನಿಗೆ ಹೋಗು!” ಎಂದು ಯಮನಮ್ಮ ಪೊರಕೆ ಎತ್ತಿದಳು.

“ನಾನಬೇ ಯಮನಕ್ಕ, ಹಂಪಯ್ಯ! ಶಾಟ್ ಓಕೆ ಆತು! ಒಂದೇ ಟೇಕು!”

ಬಾಗಿಲಲ್ಲಿ ನಿಂತಿದ್ದ ಸುಮಂಗಲಾಳ ತುಟಿ ಮೊದಲು ನಡುಗಿತು. ಆಮೇಲೆ ಅವಳು ಚೌಕಟ್ಟು ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಯೂನಿಟ್ಟಿನವರೆಲ್ಲ ಚಪ್ಪಾಳೆ ತಟ್ಟಿದ್ದನ್ನು ಹೇಳಲು ತವಕಿಸುತ್ತಿದ್ದ ಹಂಪಯ್ಯನವರು ಬಾಯಿ ಮುಚ್ಚಿ ನಿಂತರು. ಆ ನಗು ಮುಗಿಯುವವರೆಗೆ ಒಂದು ಮಾತೂ ಆಡಲಿಲ್ಲ.

ಅಂದಿನಿಂದ ಅವರು ಅನೇಕ ಚಿತ್ರಗಳಲ್ಲಿ ನಟಿಸಿದ್ದಾರೆ. ಪ್ರತಿ ಪಾತ್ರದ ಮೊದಲ ತಾಲೀಮು ಇಂದಿಗೂ ಮಲಪನಗುಡಿಯ ಆ ಪಡಸಾಲೆಯಲ್ಲೇ. ಹಂಪಯ್ಯನವರು ನೂರು ತುಂಬುವವರೆಗೆ ಬಣ್ಣ ಹಚ್ಚಲಿ. ಕೊನೆಯ ಸಾಲಿನಲ್ಲಿ ಇನ್ನೂ ನಗದವರು ಕೂತಿದ್ದಾರೆ. ಅವರಿಗಾಗಿ ಕಾಯಬಲ್ಲ ಮನುಷ್ಯ ನಮ್ಮ ನಡುವೆ ಬಹುಕಾಲ ಇರಲಿ.