ಕೂತೇ ಹೋಗಬೇಕಾದವನು

ನಾನು ಟ್ಯಾಂಕಿನೊಳಗೆ ಇಳಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ವಿಷಯ ಕೇಳಿದವರೆಲ್ಲ ಸುತ್ತಿ ಬಳಸಿ ಕೊನೆಗೆ ಅಲ್ಲಿಗೇ ಬರುತ್ತಾರೆ. ಕಂಪನಿಯ ಟ್ಯಾಂಕಿನ ಬಾಯಲ್ಲಿ ನಿಂತು, ಒಳಗೆ ಕೆಲಸ ಮಾಡುವವರನ್ನು ಕಾಯುವುದು ನನ್ನ ಕೆಲಸವಾಗಿತ್ತು. ಏನೇ ಆದರೂ ಕಾಯುವವನು ಒಳಗೆ ಇಳಿಯಬಾರದು ಎಂಬುದು ಆ ಕೆಲಸದ ಮೊದಲ ನಿಯಮ. ಆ ದಿನ, ವಿಷಗಾಳಿ ಪತ್ತೆ ಮಾಡುವ ಗ್ಯಾಸ್ ಮೀಟರ್ ಕೂಗಿತು. ಒಳಗಿದ್ದ ಮೂವರಲ್ಲಿ ಇಬ್ಬರು ಏಣಿ ಹತ್ತಿ ಹೊರಗೆ ಬಿದ್ದರು. ಮೂರನೆಯವನು ಹಾವೇರಿ ಕಡೆಯವನು, ನನ್ನ ರೂಮಿನಲ್ಲೇ ಇದ್ದವನು. ನಾಲ್ಕನೇ ಮೆಟ್ಟಿಲಲ್ಲಿ ತಲೆಯೆತ್ತಿ ನನ್ನನ್ನು ನೋಡಿದ, ಕೈ ಬಿಟ್ಟ.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ನಾನು. ಆ ಗ್ಯಾಸು ಎಷ್ಟು ಉಸಿರಿಗೆ ಏನು ಮಾಡುತ್ತದೆಂದು ಗೊತ್ತು. ಇಳಿದಿದ್ದರೆ ಪೆಟ್ಟಿಗೆ ಎರಡು ಬೇಕಾಗುತ್ತಿತ್ತು. ಆದರೂ ಹಲ್ಲುಜ್ಜುವಾಗ, ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಮತ್ತೆ ಆ ಏಣಿಯ ಮುಂದೆ ಇರುತ್ತೇನೆ. ಪ್ರತಿ ಸಲವೂ ಇಳಿಯುವುದಿಲ್ಲ. ಅದಕ್ಕಾಗಿ ಯಾರಲ್ಲೂ ಕ್ಷಮೆ ಕೇಳುವುದಿಲ್ಲ.

ಸತ್ತ ವಿದೇಶಿಯನ್ನು ಈ ಗಲ್ಫ್ ದೇಶದಿಂದ ಊರಿಗೆ ಕಳಿಸಲು ಮನೆಯವರು ಒಬ್ಬರ ಹೆಸರಿಗೆ ಅಧಿಕಾರಪತ್ರ ಬರೆದುಕೊಡಬೇಕು. ಆಮೇಲೆ ಪೊಲೀಸರು, ಆಸ್ಪತ್ರೆ, ರಾಯಭಾರ ಕಚೇರಿ, ಕಾರ್ಗೋ ಎಲ್ಲ ಕಡೆ ಆ ಪತ್ರ ಇದ್ದವನ ಸಹಿಯೇ ನಡೆಯುವುದು. ಸಾಮಾನ್ಯವಾಗಿ ಕಂಪನಿಯ ಮನುಷ್ಯನ ಹೆಸರಿಗೇ ಬರೆಯುತ್ತಾರೆ. ಹಾವೇರಿಯವನ ತಂಗಿ ನನ್ನ ಹೆಸರಿಗೆ ಬರೆದಳು. "ಅಣ್ಣನ್ನ ಕಡೀಕ ನೋಡಿದವ್ರು ನೀವ. ನೀವ ಕಳಸ್ರಿ," ಅಂದಳು.

ಈ ಕಾಗದದ ಕೆಲಸ ಕಲಿಸಿದವರು ಇಲ್ಲಿನ ಥುಕ್ಬಾ ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಬ್ಯಾರಿಗಳೊಬ್ಬರು. ಉಪ್ಪಿನಂಗಡಿಯವರು, ಇಪ್ಪತ್ತು ವರ್ಷದಿಂದ ಯಾವ ಜಾತಿಯೆಂದು ಕೇಳದೆ ಹೆಣಗಳನ್ನು ಊರು ಮುಟ್ಟಿಸುತ್ತಿದ್ದಾರೆ. ನಾನು ಪೊಲೀಸ್ ಠಾಣೆಯಲ್ಲಿ ಧ್ವನಿ ಏರಿಸಿದಾಗ ತೋಳು ಹಿಡಿದು ಹೊರಗೆ ತಂದರು. "ಎಂತ ಮಾರಾಯ್ರೆ, ಸತ್ತವರಿಗೇ ಇಲ್ಲದ ಅರ್ಜೆಂಟು ನಿಮಗೆ? ಇಲ್ಲಿ ಬೊಬ್ಬೆ ಹಾಕಿದರೆ ಫೈಲು ಅಡಿಗೆ ಹೋಗ್ತದೆ. ಚಾ ಕುಡಿಯಿರಿ."

ಕಾಗದಗಳೆಲ್ಲ ಕೂಡಿಬಂದ ದಿನ ತಂಗಿ ಮತ್ತೆ ಫೋನು ಮಾಡಿದಳು.

"ಸರ್, ನಮ್ಮಲ್ಲಿ ಸುಡೋದಿಲ್ರಿ. ಕುಂದರಿಸಿ ಮಣ್ಣು ಮಾಡ್ತೀವಿ. ಚಕ್ಕಳಮಕ್ಕಳ ಹಾಕಿ ಕುಂತಿರಬೇಕು, ಎಡಗೈ ತೆರದಿರಬೇಕು. ಹೋಗ್ವಾಗ ಲಿಂಗ ಮನ್ಯಾಗ ಬಿಟ್ಟ್ ಹೋಗ್ಯಾನ. ಲಿಂಗ ಇಲ್ಲೇ ಐತಿ, ಇಡಾಕ ಕೈ ಬೇಕು."

ವಿಮಾನ ಹತ್ತಬೇಕಾದರೆ ದೇಹಕ್ಕೆ ಫಾರ್ಮಾಲಿನ್ ಏರಿಸಲೇಬೇಕು. ಏರಿದ ಮೇಲೆ ಮೈ ಹೇಗಿದೆಯೋ ಹಾಗೇ ಬಿಗಿಯುತ್ತದೆ. ಉದ್ದಕ್ಕೆ ಮಲಗಿ ಹೋದವನನ್ನು ಕೂರಿಸಬೇಕಾದರೆ ಊರಲ್ಲಿ ಮೂಳೆ ಮುರಿಯಬೇಕು. ಅದನ್ನು ಅವಳ ಮುಂದೆ ಮಾಡುತ್ತಾರೆ.

"ಹಿರಿಯಾರು ಆಗೂದಿಲ್ಲ ಬಿಡವಾ, ಮಲಗಿಸೇ ಮುಚ್ಚೂಣು ಅಂತಾರ," ಅಂದಳು. "ನಾ ಒಪ್ಪಿಲ್ಲ."

ಶವಾಗಾರದಲ್ಲಿ ಮದ್ದು ಏರಿಸುವವನು ಕಲಬುರಗಿಯವನು. ಬ್ಯಾರಿಗಳು ವಿಷಯ ಎತ್ತುವಷ್ಟರಲ್ಲೇ, "ಲಿಂಗಾಯತ್ರೇನು? ಹಂಗಾದ್ರ ಕೂಡಬೇಕಲ್ರಿ," ಅಂದ. ಆಮೇಲೆ ನನ್ನ ಕಡೆ ತಿರುಗಿ, "ಮದ್ದು ಹಾಕೂಕಿಂತ ಮೊದಲ ಕಾಲು ಮಡಚಬೇಕು. ಮಡಚತೀನಿ. ಪೆಟ್ಟಿಗಿ ಯಾರು ಕೊಡ್ತಾರ? ಇಲ್ಲಿರೋ ಪೆಟ್ಟಿಗಿಯೊಳಗ ಮಂಡಿ ಹಿಡಿಯಂಗಿಲ್ಲ. ಸೀಲ್ ಸರಿ ಇಲ್ಲಂದ್ರ ಕಾರ್ಗೋದವ್ರು ವಾಪಸ್ ಕಳಸ್ತಾರ. ಕಾಗದದ ಮ್ಯಾಲ ನನ್ನ ಲೈಸೆನ್ಸ್ ನಂಬರ್ ಇರ್ತದ, ನಿಮ್ಮದಲ್ಲ."

ಆ ಲೈಸೆನ್ಸು ಹೇಗೆ ಸಿಗುತ್ತದೆ ಎಂದು ಕೇಳಿದೆ. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ, ಊರಿನ ಆಸ್ಪತ್ರೆಯ ಶವಾಗಾರದಲ್ಲಿ ಡಾಕ್ಟರ ಕೈಕೆಳಗೆ ವರ್ಷಗಟ್ಟಲೆ ದುಡಿಮೆ, ಇಲ್ಲಿಗೆ ಬಂದ ಮೇಲೆ ಪರೀಕ್ಷೆ, ಆಗಾಗ ನವೀಕರಣ.

"ಕೆಮಿಸ್ಟ್ರಿ ಓದಿದ್ದರೆ ಸಾಲದಾ?"

"ಕೆಮಿಸ್ಟ್ರಿ ಬಾಟ್ಲಿಗೆ ಸಾಕು ಸಾಬ್. ಮನಷ್ಯಾಗ ಸಾಲಂಗಿಲ್ಲ."

ಪೆಟ್ಟಿಗೆ ಕೊಡಬೇಕಾದದ್ದು ಕಂಪನಿ. ಅಲ್ಲಿನ ಆಡಳಿತಾಧಿಕಾರಿ ಬೆಂಗಳೂರಿನವನು, ಒಟ್ಟಿಗೆ ಕ್ರಿಕೆಟ್ ಆಡಿದವನು. ಫೈಲನ್ನು ನನ್ನತ್ತ ತಳ್ಳಿದ. "ಸೈನ್ ಮಾಡು ಗುರು. ಸ್ಟ್ಯಾಂಡರ್ಡ್ ಬಾಕ್ಸ್ ಬಂದಿದೆ, ನಾಡಿದ್ದು ಫ್ಲೈಟು. ಸತ್ಮೇಲೆ ಕೂತ್ರೇನು, ಮಲಗಿದ್ರೇನು?"

"ಅವನ ತಂಗಿಗೆ ಫೋನ್ ಹಚ್ಚಿಕೊಡ್ತೀನಿ. ನೀನೇ ಕೇಳು."

ಅವನು ಫೋನಿನ ಕಡೆ ನೋಡಲಿಲ್ಲ. "ನಿಮ್ಮ ಕಾಂಟ್ರಾಕ್ಟ್ ರಿನ್ಯೂವಲ್‌ಗೆ ಬಂದಿದೆ ಅಲ್ವಾ?"

"ಬಂದಿದೆ."

"ಇಕಾಮಾ?"

"ಅದೂ ಮುಗೀತಾ ಬಂತು." ಇಲ್ಲಿ ಇರಲು ಬೇಕಾದ ಪರವಾನಗಿ ಅದು; ಮಾಡಿಸಬೇಕಾದವರು ಇವರೇ.

"ಮತ್ತೆ? ಯಾಕೆ ಬೇಕು ಇದೆಲ್ಲ?"

"ಬಾಕ್ಸ್ ಬದಲಾಯಿಸು, ಸೈನ್ ಮಾಡ್ತೀನಿ. ಇಲ್ಲದಿದ್ದರೆ ನನ್ನ ಸಹಿ ಇಲ್ಲದೆ ಕಳಿಸು, ನೋಡೋಣ."

ಮೀಟರ್ ಕೂಗಿದ ದಿನದಿಂದ ಎಲ್ಲೋ ಯಾರದೋ ಫೋನು ಬೀಪ್ ಅಂದರೂ ಬಾಗಿಲು ಹುಡುಕುವವನು ನಾನು. ಆದರೂ ಕುರ್ಚಿಯಿಂದ ಏಳಲಿಲ್ಲ. ನಾಡಿದ್ದಿನ ವಿಮಾನ ತಪ್ಪಿತು. ನಾಲ್ಕನೇ ದಿನ ಗಿಡ್ಡನೆಯ, ಅಗಲವಾದ, ಎತ್ತರದ ಪೆಟ್ಟಿಗೆ ಬಂತು. ಒಳಗೆಲ್ಲ ತಗಡು ಹೊದಿಸಿತ್ತು. ಬ್ಯಾರಿಗಳು ಸುತ್ತ ಒಂದು ಸುತ್ತು ಹಾಕಿ, "ಫ್ರಿಜ್ಜಿನ ಪೆಟ್ಟಿಗೆ ಅಂತ ಕಸ್ಟಮ್ಸಿನವರು ಸುಂಕ ಕೇಳದಿದ್ದರೆ ಸಾಕು," ಅಂದರು. ಅಪಘಾತದ ನಂತರ ನಾನು ನಕ್ಕದ್ದು ಅದೇ ಮೊದಲು.

ಮದ್ದು ಏರಿಸುವ ಹಿಂದಿನ ದಿನವೇ, ಕೀಲು ಸಡಿಲವಾಗಲೆಂದು ದೇಹವನ್ನು ಶೀತಪೆಟ್ಟಿಗೆಯಿಂದ ಹೊರಗೆ ತೆಗೆದಿಟ್ಟಿದ್ದರು. ನೆಲದ ಹಳದಿ ಗೆರೆ ದಾಟಬೇಡಿ, ಪರವಾನಗಿ ಇಲ್ಲದವರು ಮುಟ್ಟುವಂತಿಲ್ಲ ಅಂದ ಕಲಬುರಗಿಯವನು. ದಾಟಲಿಲ್ಲ. ಅವನು ಸೊಂಟ, ಮಂಡಿ, ಕಾಲಿನ ಹರಡುಗಳನ್ನು ಬಹಳ ಹೊತ್ತು ನೀವಿದ. ಬಲಗಾಲು ಮೊದಲು ಬಂತು, ಆಮೇಲೆ ಎಡಗಾಲು. ಬಟ್ಟೆಪಟ್ಟಿಯಿಂದ ಕಟ್ಟಿದ. ಎಡ ಅಂಗೈಯನ್ನು ಮೇಲ್ಮುಖ ಮಾಡಿ, ಬೆರಳು ಮಡಚದಂತೆ ಹತ್ತಿಯ ಉಂಡೆ ಇಟ್ಟ. "ಲಿಂಗ ಎಷ್ಟ್ ದೊಡ್ಡದೈತಿ?" ಎಂದು ಕೇಳಿದ. ನಾನು ಅಲ್ಲಿಂದಲೇ ತಂಗಿಗೆ ಫೋನು ಮಾಡಿದೆ. ನೆಲ್ಲಿಕಾಯಿಯಷ್ಟು ಅಂದಳು. ಅವನು ಹತ್ತಿಯನ್ನು ಕಿತ್ತು ಸಣ್ಣದು ಮಾಡಿದ. ಆಮೇಲೆ ಮದ್ದು ಹರಿಯಲು ಬಿಟ್ಟ. ಕಣ್ಣುರಿಯುವ ಆ ವಾಸನೆ ಕಾಲೇಜಿನ ಪ್ರಯೋಗಾಲಯದಿಂದಲೇ ಗೊತ್ತು. ಹಾಗಾಗಿ ಅತ್ತದ್ದಕ್ಕೆ ನೆಪ ಇತ್ತು.

ನನ್ನ ಕಾಂಟ್ರಾಕ್ಟ್ ನವೀಕರಣವಾಗಲಿಲ್ಲ. ಮುಂದಿನ ತಿಂಗಳು ಹೊರಡುತ್ತೇನೆ. ಊರಿನ ಒಂದು ಮೆಡಿಕಲ್ ಕಾಲೇಜಿನ ಶವಾಗಾರ ತಂತ್ರಜ್ಞರ ತರಬೇತಿಗೆ ಅರ್ಜಿ ಹಾಕಿದ್ದೇನೆ. ಎಂ.ಎಸ್ಸಿ. ಓದಿ ಹೆಣ ತೊಳೀತೀಯಾ ಎಂದು ಅಮ್ಮ ಮಾತು ಬಿಟ್ಟಿದ್ದಾರೆ. ಹೌದು, ತೊಳೆಯುತ್ತೇನೆ. ತಡೆಯುವುದಾದರೆ ಪರೀಕ್ಷೆ ತಡೆಯಲಿ, ಬೇರೆ ಯಾರೂ ಅಲ್ಲ.

ಮಣ್ಣು ಮಾಡಿದ ಸಂಜೆ ತಂಗಿಯ ಫೋನು ಬಂತು.

"ಕುಂತಾನ್ರಿ," ಅಂದಳು. "ಆಗೂದಿಲ್ಲ ಅಂದವ್ರ ಮುಂದನ ಕುಂತಾನ. ಕೈಯಾಗ ಲಿಂಗ ಸರಿಯಾಗಿ ಕುಂತೈತಿ. ಎಡ ಮಂಡಿ ಒಂದ್ ಬೆರಳು ಮ್ಯಾಲಿತ್ತು. ಕೆಳಗ ವಿಭೂತಿ ಗಟ್ಟಿ ಇಟ್ಟು ಸಮ ಮಾಡಿದ್ವಿ."

ನಾನು ಶವಾಗಾರಕ್ಕೆ ಫೋನು ಮಾಡಿ ಇದ್ದಂತೆ ಒಪ್ಪಿಸಿದೆ. ಕಲಬುರಗಿಯವನು ಮೆಚ್ಚುಗೆಗೆ ಕಿವಿಗೊಡಲಿಲ್ಲ.

"ಒಂದ್ ಬೆರಳ?" ಅಂದ, ನೊಂದವನ ಹಾಗೆ. "ಯಾರ ಬೆರಳು? ಹೆಣ್ಮಗಳದೋ, ಗುಂಡಿ ತೋಡಿದವಂದೋ? ಸರಿಯಾಗಿ ಕೇಳ್ರಿ."