ಮಾಳಿಗೆಯ ಅಂಚಿನ ಚುಕ್ಕೆ

ಆ ಬೆಳಿಗ್ಗೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಕಚೇರಿಯ ಒಂದು ತಪ್ಪನ್ನು ಹೇಳಿ ಅವಳನ್ನು ನಗಿಸಿದೆ. ವಿಮಾನದಿಂದ ತೆಗೆದ ಫೋಟೋ ನೋಡಿ ಎಲ್ಲಿ ಹೊಲ, ಎಲ್ಲಿ ಬೀಳು, ಎಲ್ಲಿ ಊರು ಎಂದು ಗುರುತು ಹಾಕುವುದು ನನ್ನ ಕೆಲಸ. ನಮ್ಮೂರು ಶಹಾಬಾದದ ಮಾಳಿಗೆಗಳಿಗೆಲ್ಲ ಫರಸಿ ಕಲ್ಲಿನ ಚಪ್ಪಡಿ ಹಾಸು. ಮೇಲಿನಿಂದ ನೋಡಿದರೆ ಮಾಳಿಗೆಯೂ ಕಲ್ಲಿನ ಖಣಿಯೂ ಒಂದೇ ಬಿಳುಪು. ಕಚೇರಿಗೆ ಬಂದ ಹೊಸಬನೊಬ್ಬ ನಮ್ಮ ಓಣಿಯನ್ನೇ ಖಣಿ ಎಂದು ಬರೆದಿದ್ದ.

"ಅಂದ್ರ ಇಷ್ಟ ದಿನ ನಾ ಖಣ್ಯಾಗ ರೊಟ್ಟಿ ಬಡೀಲಿಕತ್ತೀನೇನ್ರಿ?"

"ಹೌದು. ತಪಾಸಣಿಗಿ ಬರ್ತೀವಿ. ಮನಿ ಅದನೋ ಖಣಿ ಅದನೋ ನೋಡಿ ಬರಕೋಬೇಕು."

"ಬರ್ರಿ ಸಾಹೇಬರ, ಚಹಾ ಕುಡದು ಬರಕೋರಿ. ಫೋಟೋದಾಗ ನಾ ಕಾಣ್ತೀನೇನು?"

"ಮನಷ್ಯಾರು ಕಾಣಂಗಿಲ್ಲ."

"ನಂದೊಂದು ಫೋಟೋ ತೆಗಸ್ರಿ ಅಂದ್ರ ಆಗಂಗಿಲ್ಲ, ಊರ ಫೋಟೋ ನೋಡ್ಕೋತ ಕುಂದ್ರತೀರಿ."

ಅಂದು ದಂಡೋತಿಯ ಹೊಲಗಳನ್ನು ಫೋಟೋದೊಂದಿಗೆ ತಾಳೆ ನೋಡಿ ಸಂಜೆ ಮರಳಿದಾಗ ಬಾಗಿಲಲ್ಲಿ ಜನ ಸೇರಿದ್ದರು. ಎದೆ ಹಿಡಿದುಕೊಂಡು ಒಲೆಯ ಮುಂದೆ ಕುಸಿದಳಂತೆ. ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು.

ಮತ್ತೆ ಕೆಲಸಕ್ಕೆ ಹೋದಾಗ ನಮ್ಮ ಓಣಿಯ ಫೋಟೋ ಮೇಜಿನ ಮೇಲೇ ಇತ್ತು. ವಿಮಾನ ಸಾಗುತ್ತ ಕೆಲವು ಕ್ಷಣಗಳ ಅಂತರದಲ್ಲಿ ಒಂದೇ ನೆಲದ ಫೋಟೋವನ್ನು ಎರಡು ಸಲ ತೆಗೆಯುತ್ತದೆ. ಆ ಎರಡೂ ಫೋಟೋಗಳನ್ನು ಸ್ಟೀರಿಯೋಸ್ಕೋಪ್ ಎಂಬ ಎರಡು ಕಣ್ಣಿನ ಗಾಜಿನ ಕೆಳಗಿಟ್ಟರೆ ಮನೆಗಳು ಎದ್ದು ನಿಲ್ಲುತ್ತವೆ. ನಮ್ಮ ಮಾಳಿಗೆಯೂ ಎದ್ದು ನಿಂತಿತು. ಅದರ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ. ಮೊದಲ ಫೋಟೋದಲ್ಲಿ ಮಾತ್ರ ಇತ್ತು, ಎರಡನೆಯದರಲ್ಲಿ ಇರಲಿಲ್ಲ. ಫೋಟೋ ತೆಗೆದದ್ದು ಹಿಂದಿನ ಸುಗ್ಗಿಯಲ್ಲಿ, ಅವಳು ಮಾಳಿಗೆಯ ಮೇಲೆ ಜೋಳ ಒಣಹಾಕುತ್ತಿದ್ದ ದಿನಗಳಲ್ಲಿ.

ಪಕ್ಕದ ಮೇಜಿನ ಹಿರಿಯರಿಗೆ ತೋರಿಸಿದೆ.

"ಧೂಳ ಇರಬೇಕು ತಮ್ಮಾ. ಒಂದರಾಗಷ್ಟ ಇದ್ರ ಬಿಟ್ಟಬಿಡು."

ನಮ್ಮ ಕೆಲಸದ ನಿಯಮವೂ ಅದೇ.

"ಎರಡು ಫೋಟೋದ ನಡುವ ಅಕಿ ಅಲ್ಲಿಂದ ಸರದಿದ್ರ, ಕಾಕಾ?"

ಅವರು ಗಾಜನ್ನು ಕರ್ಚೀಫಿನಿಂದ ಒರೆಸಿ ಕೊಟ್ಟರು. ಮತ್ತೆ ನೋಡಿದೆ. ಚುಕ್ಕೆ ಹಾಗೇ ಇತ್ತು.

ತಪಾಸಣೆಯ ದಿನ ನಮ್ಮ ಮಾಳಿಗೆ ನಾನೇ ಹತ್ತಿದೆ. ಬಿಸಿಲಿಗೆ ಕಾದ ಫರಸಿ, ಸಂದಿಯಲ್ಲಿ ಸಿಕ್ಕ ಜೋಳದ ಕಾಳು. ಖಣಿ ಎಂಬುದನ್ನು ಹೊಡೆದುಹಾಕಿ ಮನೆ ಎಂದು ತಿದ್ದಿದೆ. ಚುಕ್ಕೆಯನ್ನು ತಾಳೆ ನೋಡಲು ಅಲ್ಲಿ ಏನೂ ಇರಲಿಲ್ಲ.

ಅದು ಅವಳೋ ಧೂಳೋ ನನಗೆ ಇಂದಿಗೂ ತಿಳಿದಿಲ್ಲ. ಅವಳ ಒಂದು ಫೋಟೋ ಕೂಡ ಮನೆಯಲ್ಲಿಲ್ಲ.